ರತ್ನಳಿಗೆ ಒಂದೇ ಚುಚ್ಚು

ಕ್ಯಾನ್ಸರ್ ಬಂದವರೆಲ್ಲ ಒಳ್ಳೆಯವರಾಗಿಬಿಡುತ್ತಾರೆ ಎಂದು ಜನ ನಂಬಿದ್ದಾರೆ. ನನ್ನನ್ನು ನೋಡಲು ಬಂದವರು ಸೇಬು, ಮೂಸಂಬಿ ಕೈಗಿಟ್ಟು ನನ್ನ ಮುಖದಲ್ಲಿ ಏನೋ ಶಾಂತಿ ಹುಡುಕುತ್ತಿದ್ದರು. ನನಗೆ ಶಾಂತಿ ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ಅದೂ ಆರೋಗ್ಯವಾಗಿ ಓಡಾಡಿಕೊಂಡಿರುವವರ ಮೇಲೆ ಬಂದಿದ್ದರೆ ಒಂದು ನ್ಯಾಯ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ಕಾಯಿಲೆಗೇ ನನ್ನ ಔಷಧಿಯನ್ನೇ ಹಾಕಿಸಿಕೊಳ್ಳುತ್ತಿದ್ದ, ನನ್ನಂತೆಯೇ ತಲೆಯಲ್ಲಿ ಒಂದು ಕೂದಲೂ ಇಲ್ಲದ ಹೆಂಗಸಿನ ಮೇಲೆ ಬಂತು. ಅವಳ ಹೆಸರು ರತ್ನ.

ಈಗ ನಾನು ಚೆನ್ನಾಗಿದ್ದೇನೆ. ಕೂದಲು ಮೊದಲಿಗಿಂತ ಗುಂಗುರಾಗಿ ಬಂದಿದೆ, ರಾಗಿ ಮುದ್ದೆ ಮತ್ತೆ ರುಚಿಸುತ್ತಿದೆ. ಆ ಕುರ್ಚಿಗಳಲ್ಲಿ ಕೂತು ಪಕ್ಕದವರನ್ನು ನೋಡಿ ಉರಿದುಕೊಳ್ಳುತ್ತಿರುವ ಇನ್ಯಾರಿಗಾದರೂ ತಾನೊಬ್ಬಳೇ ಪಾಪಿ ಅನ್ನಿಸದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತಮಿಳುನಾಡಿನ ಗಡಿ, ಹೊಸೂರು ಕಡೆ, ಬೇರಿಕೆಯ ಹತ್ತಿರದ ಹಳ್ಳಿ. ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುತ್ತೇವೆ. ಗುಲಾಬಿಯದು ಬೆಳಗಿನ ಕೆಲಸ. ಬಿಸಿಲೇರುವ ಮುಂಚೆ ಮೊಗ್ಗು ಕತ್ತರಿಸಿ ನೀರಿಗಿಡಬೇಕು, ಕಡ್ಡಿಯ ಉದ್ದ ನೋಡಿ ವಿಂಗಡಿಸಬೇಕು, ಕಟ್ಟು ಕಟ್ಟಿ ವ್ಯಾನಿಗೆ ಏರಿಸಬೇಕು. ಒಂದು ದಿನ ತಪ್ಪಿದರೆ ಮೊಗ್ಗು ಅರಳಿಬಿಡುತ್ತದೆ, ಅರಳಿದ್ದನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ನಮ್ಮ ಯಜಮಾನರು ಆಸ್ಪತ್ರೆಗೆ ಬರುತ್ತಿದ್ದುದು ಕಡಿಮೆ. ಎಡಗಡೆ ಎದೆಯ ಗಂಟು ಕ್ಯಾನ್ಸರ್ ಎಂದು ಹೊಸೂರಿನಲ್ಲಿ ಡಾಕ್ಟರು ಹೇಳಿದ ದಿನ ಬಂದಿದ್ದರು, ಆಪರೇಷನ್ನಿಗೆ ಬಂದಿದ್ದರು. ಕೀಮೋ ಶುರುವಾದ ಮೇಲೆ ನನ್ನನ್ನು ಬೈಕಿನಲ್ಲಿ ಬೇರಿಕೆಯ ಬಸ್ ಸ್ಟ್ಯಾಂಡಿಗೆ ತಂದು ಬಿಡುವರು, ಬಸ್ಸು ಹೊರಡುವ ತನಕ ನಿಂತಿರುವರು, ಆಮೇಲೆ ತೋಟಕ್ಕೆ ವಾಪಸ್. ಜೊತೆಗೆ ಬರುತ್ತಿದ್ದವರು ನಮ್ಮ ಅತ್ತೆ. ಅವರಿಗೆ ಓದು ಬರಹ ಇಲ್ಲ, ಆದರೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಜಗಳವಾಡುವಷ್ಟು ಚೆನ್ನಾಗಿ ಮಾತಾಡುತ್ತಾರೆ.

ಕೀಮೋದ ಮದ್ದನ್ನು ಕೈಯ ನರಕ್ಕೇ ಮತ್ತೆ ಮತ್ತೆ ಹಾಕಿದರೆ ನರ ಸುಟ್ಟು ಗಟ್ಟಿಯಾಗುತ್ತದಂತೆ. ಅದಕ್ಕೆ ನನ್ನ ಬಲಗಡೆ, ಕೊರಳ ಮೂಳೆಯ ಕೆಳಗೆ, ಚರ್ಮದೊಳಗೆ ಪುಟ್ಟದೊಂದು ಡಬ್ಬಿ ಇಟ್ಟು ಹೊಲಿದರು. ಅದರಿಂದ ಒಂದು ಸಣ್ಣ ಕೊಳವೆ ಒಳಗಿನ ದೊಡ್ಡ ನರಕ್ಕೆ ಹೋಗುತ್ತದೆ. ಪ್ರತಿ ಸಲ ಆ ಡಬ್ಬಿಗೆ ಸೂಜಿ ಚುಚ್ಚಿ ಮದ್ದು ಬಿಡುತ್ತಾರೆ. ಅದಕ್ಕೆ ಪೋರ್ಟು ಅನ್ನುತ್ತಾರೆ. ಬೆರಳಿಟ್ಟರೆ ಕೋಟಿನ ಗುಂಡಿಯ ಹಾಗೆ ಸಿಗುತ್ತಿತ್ತು. ಅತ್ತೆ ಗುಂಡಿ ಎಂದರು, ಮನೆಯಲ್ಲಿ ಅದೇ ಹೆಸರು ನಿಂತಿತು.

ಮೊದಲ ದಿನವೇ ವಾರ್ಡಿನ ಸ್ಟೆಲ್ಲಾ ಸಿಸ್ಟರ್ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ತಮಿಳು ಬೆರೆತ ಕನ್ನಡದಲ್ಲಿ ಪಾಠ ಹೇಳಿದ್ದರು. ಆ ಭುಜಕ್ಕೆ ಬ್ಯಾಗು ಹಾಕಬೇಡಿ, ಬಿಗಿ ಒಳ ಉಡುಪು ಬೇಡ, ಚೈನ್ ಹಾಕಬೇಡಿ. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಚೈನ್ ಎಲ್ಲಿತ್ತು? ಆಪರೇಷನ್ ದಿನವೇ ಚಿನ್ನದ ತಾಳಿಸರ ಬಿಚ್ಚಿಸಿದ್ದರು. ಗಂಡ ಇರುವ ಹೆಂಗಸು ಬರಿಗೊರಳಲ್ಲಿ ಇರಬಾರದೆಂದು ನಾನು ವಾರ್ಡಿಗೆ ವಾಪಸ್ ಬಂದ ಕೂಡಲೇ ಅತ್ತೆ ಅರಿಶಿನ ಹಚ್ಚಿದ ದಾರಕ್ಕೆ ಒಂದು ಅರಿಶಿನದ ಕೊಂಬು ಕಟ್ಟಿ ನನ್ನ ಕೊರಳಿಗೆ ಹಾಕಿದ್ದರು. ಸ್ಕ್ಯಾನು, ಎಕ್ಸರೇ ಎಂದು ದಿನಾ ಬಿಚ್ಚಿಸುತ್ತಾರೆ, ಚಿಕಿತ್ಸೆ ಮುಗಿಯುವ ತನಕ ಇದೇ ಇರಲಿ, ಚಿನ್ನ ಪೆಟ್ಟಿಗೆಯಲ್ಲಿರಲಿ ಎಂದರು. ನಮ್ಮ ಕಡೆ ಇದು ಹೊಸದಲ್ಲ. ದಾರ ಚೈನ್ ಅಲ್ಲವಲ್ಲ. ನನಗೂ ಹಾಗೇ ಅನ್ನಿಸಿತ್ತು.

ಕೀಮೋ ಕೊಡುವುದು ಒಂದು ಉದ್ದನೆಯ ಕೋಣೆ. ಅಲ್ಲಿ ಹೆಂಗಸರೆಲ್ಲ ಒಂದೇ ತರ ಕಾಣುತ್ತಿದ್ದೆವು. ಕೂದಲಿಲ್ಲ, ಆದ್ದರಿಂದ ಹೂವಿಲ್ಲ. ಡ್ರಿಪ್ ಕೈಗೆ ಅಡ್ಡವಾಗುತ್ತದೆಂದು ಬಳೆಯಿಲ್ಲ. ಕಾಲು ಜೋಮು ಹಿಡಿಯುತ್ತದೆಂದು ಎಲ್ಲರಿಗೂ ಸಾಕ್ಸು. ರತ್ನ ಚೂಡಿದಾರದ ಮೇಲೆ ಕೊರಳಿನ ತನಕ ದುಪಟ್ಟಾ ಹೊದ್ದು, ಹಣೆಗೊಂದು ಸ್ಟಿಕ್ಕರ್ ಇಟ್ಟುಕೊಂಡು ಬರುತ್ತಿದ್ದಳು. ಸೂಳಗಿರಿಯವಳು, ಅಲ್ಲಿ ಹೊಸದಾಗಿ ಬಂದಿರುವ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. ನನಗಿಂತ ಚಿಕ್ಕವಳು. ಇಬ್ಬರ ಕೀಮೋ ಒಂದೇ ವಾರ ಶುರುವಾಗಿತ್ತು, ಇಬ್ಬರಿಗೂ ಅದೇ ದಿನ, ಅಕ್ಕಪಕ್ಕದ ಕುರ್ಚಿ.

ಸ್ಟೆಲ್ಲಾ ಸಿಸ್ಟರ್ ಅವಳ ದುಪಟ್ಟಾದಂಚಿನೊಳಗೆ ಕೈ ತೂರಿಸಿ ಗುಂಡಿ ಹುಡುಕಿ ಒಂದು ಸಲ ಚುಚ್ಚುವರು. ಸಿರಿಂಜು ಎಳೆದರೆ ಕೆಂಪಗೆ ರಕ್ತ ಬರುವುದು. ರಕ್ತ ಬಂದರೆ ದಾರಿ ಸರಿ ಇದೆ ಎಂದು ಲೆಕ್ಕ, ಅದಕ್ಕೆ ರಿಟರ್ನ್ ಅನ್ನುತ್ತಾರೆ. ಅವಳಿಗೆ ಮದ್ದು ಹತ್ತಿ, ಅವಳು ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡಾಗಿರುತ್ತಿತ್ತು. ನನಗೆ ಚುಚ್ಚಿದರೆ ರಿಟರ್ನ್ ಬರುತ್ತಿರಲಿಲ್ಲ.

ಕೈ ತೂಕುಂಗಮ್ಮಾ ಅನ್ನುವರು ಸಿಸ್ಟರ್, ಕೈ ಎತ್ತುವೆ. ಕೆಮ್ಮಿ ಅನ್ನುವರು, ಕೆಮ್ಮುವೆ. ಕತ್ತು ಆ ಕಡೆ ತಿರುಗಿಸಿ, ಮುಂದಕ್ಕೆ ಬಗ್ಗಿ, ಉಸಿರು ಬಿಗಿ ಹಿಡಿಯಿರಿ. ಒಂದು ದಿನ ನಾನು ಕೈ ಎತ್ತಿ ಕೆಮ್ಮುತ್ತಿದ್ದರೆ ಪಕ್ಕದಲ್ಲಿ ನಿಂತಿದ್ದ ಅತ್ತೆಯೂ ಕೈ ಎತ್ತಿ ಕೆಮ್ಮಲು ಶುರುಮಾಡಿದರು. ಇಡೀ ಕೋಣೆ ನಕ್ಕಿತು. ರತ್ನಳೂ ನಕ್ಕಳು. ಎಲ್ಲರ ನಗು ಸಹಿಸಿದೆ, ಅವಳದನ್ನು ಸಹಿಸಲಾಗಲಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಆ ಎಡವಟ್ಟ ನಾನು.

ಅಲ್ಲಿಂದ ಅವಳ ಪ್ರತಿಯೊಂದನ್ನೂ ನೋಡತೊಡಗಿದೆ. ಅವಳು ಮದ್ದು ಹತ್ತುತ್ತಿರುವಾಗಲೇ ಉಪ್ಪಿನಕಾಯಿ ನೆಂಚಿಕೊಂಡು ಮೊಸರನ್ನ ತಿನ್ನುತ್ತಿದ್ದಳು. ನನಗೆ ಆ ವಾಸನೆಗೇ ವಾಂತಿ. ಸಿಸ್ಟರ್ ಚುಚ್ಚುವಾಗ ದುಪಟ್ಟಾದ ಸಂದಿಯಲ್ಲಿ ಚೂರು ಕಾಣುತ್ತಿದ್ದ ಅವಳ ಗುಂಡಿಯ ಮೇಲಿನ ಚರ್ಮ ಮಗುವಿನ ಕೆನ್ನೆಯ ಹಾಗೆ ನುಣುಪು. ನನ್ನದು ಅದಾಗಲೇ ಕೆಂಪಡರಿತ್ತು. ಎಲ್ಲಕ್ಕಿಂತ ಉರಿದದ್ದು ಹೊರಗಿನ ಬೆಂಚು ನೋಡಿ. ಅಲ್ಲಿ ಎತ್ತರದ ಗಂಡಸೊಬ್ಬ ಟಿಫನ್ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಸಂಜೆಯ ತನಕ ಕೂತಿರುತ್ತಿದ್ದ. ನಡುವೆ ಎಳನೀರು ತಂದು ಸಿಸ್ಟರ್ ಕೈಲಿ ಒಳಗೆ ಕಳಿಸುತ್ತಿದ್ದ. ಮದ್ದು ಮುಗಿದ ಮೇಲೆ ಅವಳ ಚಪ್ಪಲಿ ತಿರುಗಿಸಿ ಇಡುತ್ತಿದ್ದ, ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ನನ್ನ ಗಂಡನೋ ಗುಲಾಬಿಯ ಕಡ್ಡಿ ಅಳೆಯುತ್ತಿದ್ದ.

ಒಂದು ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿಯೇಬಿಟ್ಟೆ. ಕೆಲವರ ಗಂಡಂದಿರು ಹೆಂಡತಿಯ ಚಪ್ಪಲಿ ಇಡುತ್ತಾರೆ, ಕೆಲವರ ಗಂಡಂದಿರಿಗೆ ಹೂವೇ ಹೆಂಡತಿ ಎಂದೆ. ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ನಾನು ಬಂದರೆ ತೋಟ ಯಾರು ನೋಡುತ್ತಾರೆ, ತೋಟ ಹೋದರೆ ಮದ್ದು ಎಲ್ಲಿಂದ ಬರುತ್ತದೆ ಎಂದು ಮೆಲ್ಲಗೆ ಕೇಳಿದರು. ನ್ಯಾಯವಾದ ಮಾತೇ, ಆದರೂ ಎರಡು ದಿನ ಮಾತು ಬಿಟ್ಟೆ.

ರತ್ನ ಮಾತಾಡಿಸಲು ಬರುತ್ತಿದ್ದಳು. ಅಕ್ಕ, ಶುಂಠಿ ಬಾಯಿಗೆ ಹಾಕ್ಕೊಂಡಿದ್ದರೆ ವಾಂತಿ ನಿಲ್ಲುತ್ತದೆ ಎಂದು ಒಂದು ಪೊಟ್ಟಣ ಕೊಟ್ಟಳು. ಇಸಿದುಕೊಂಡೆ, ತಿನ್ನಲಿಲ್ಲ. ಅವಳ ಶುಂಠಿ ತಿಂದು ನನಗೆ ವಾಸಿಯಾಗುವುದೂ ನನಗೆ ಬೇಕಿರಲಿಲ್ಲ. ನನಗೆ ಬೇಕಿದ್ದುದು ಅವಳ ಗುಂಡಿ. ಅವಳು ಬದುಕುತ್ತಾಳೆ, ನಾನು ಬದುಕುವುದಿಲ್ಲ ಎಂದು ನಾನು ನಿರ್ಧಾರ ಮಾಡಿಕೊಂಡಿದ್ದೆ. ನನ್ನ ಹೊಟ್ಟೆಕಿಚ್ಚಿನ ಬುಡದಲ್ಲಿ ಇದ್ದದ್ದು ಆ ಭಯ. ಆಗ ಅದು ನನಗೆ ಗೊತ್ತಿರಲಿಲ್ಲ ಎಂದು ಹೇಳುವುದಿಲ್ಲ, ಚೆನ್ನಾಗಿಯೇ ಗೊತ್ತಿತ್ತು.

ಒಂದು ದಿನ ಸ್ಟೆಲ್ಲಾ ಸಿಸ್ಟರ್ ಚುಚ್ಚಲು ಬಂದವರು ನಿಂತು ನೋಡಿದರು. ಗುಂಡಿಯ ಮೇಲಿನ ಚರ್ಮ ತೆಳ್ಳಗಾಗಿ ಮಿರಮಿರ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಹಳದಿ ಕಲೆ. ಸಿಸ್ಟರ್ ಸೆರಗು ಸರಿಸಿ ನನ್ನ ಜಾಕೀಟಿನೊಳಗಿಂದ ದಾರ ಎಳೆದರು. ತುದಿಯಲ್ಲಿ ಅರಿಶಿನದ ಕೊಂಬು ಬಂತು, ನನ್ನ ಹೆಬ್ಬೆರಳಿನ ಗಾತ್ರದ್ದು, ಕಲ್ಲಿನಂತೆ ಒಣಗಿದ್ದು.

ಎಡಗಡೆ ಆಪರೇಷನ್ ಆಗಿದ್ದರಿಂದ ನಾನು ಮಲಗುತ್ತಿದ್ದುದು ಬಲ ಮಗ್ಗುಲಿಗೆ. ಕೊಂಬು ಜಾರಿ ಬಲಕ್ಕೆ ಬರುತ್ತಿತ್ತು, ರಾತ್ರಿಯೆಲ್ಲ ಗುಂಡಿಯ ಮೇಲೆ ಒತ್ತಿ ಉಜ್ಜುತ್ತಿತ್ತು. ಪ್ರತಿ ಶುಕ್ರವಾರ ಅತ್ತೆ ದಾರಕ್ಕೆ ಹೊಸದಾಗಿ ಅರಿಶಿನ ಹಚ್ಚುತ್ತಿದ್ದರು, ಆ ಒದ್ದೆಯೂ ಅಲ್ಲೇ ಕೂರುತ್ತಿತ್ತು. ಚೈನ್ ಹಾಕಬೇಡಿ ಅಂದಿದ್ದೆನಲ್ಲ ಎಂದು ಸಿಸ್ಟರ್ ಕೇಳಿದರು. ಅತ್ತೆ ಮುಂದೆ ಬಂದರು.

"ಇದು ಚೈನ್ ಅಲ್ಲಮ್ಮ, ದಾರ."

ಸಿಸ್ಟರ್ ಬಿಚ್ಚಿ ಎಂದರು. ಅತ್ತೆ ಆಗುವುದಿಲ್ಲ ಎಂದರು, ಮೊದಲು ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ. ನನ್ನ ಮಗ ಬದುಕಿದ್ದಾನೆ ಎಂದರು. ನಾನೂ ಅತ್ತೆಯ ಕಡೆಗೇ ಇದ್ದೆ, ಅದನ್ನು ಅವರ ತಲೆಗೆ ಕಟ್ಟುವುದಿಲ್ಲ. ಎದೆ ಹೋಗಿತ್ತು, ಕೂದಲು ಹೋಗಿತ್ತು, ಹುಬ್ಬು ಹೋಗಿತ್ತು. ಕೊರಳಿನದೂ ಹೋದರೆ ನಾನು ಯಾರ ತರ ಕಾಣುತ್ತೇನೆ ಎಂಬ ಹೆದರಿಕೆ. ಕೊನೆಗೆ ಮನೆಗೆ ಹೋಗಿ ಒಂದು ಉಪಾಯ ಮಾಡಿದೆವು. ದಾರ ಉದ್ದವಾಗಿದ್ದರೆ ತಾನೆ ಜಾರುವುದು ಎಂದು ಅದನ್ನು ಗಿಡ್ಡ ಮಾಡಿದೆವು. ಕೊಂಬು ಈಗ ಜೋತಾಡಲಿಲ್ಲ. ನಾನು ಮಗ್ಗುಲಾದರೆ ನೇರವಾಗಿ ಗುಂಡಿಯ ಮೇಲೆಯೇ ಕೂರುತ್ತಿತ್ತು.

ಮುಂದಿನ ಸಲ ಸಿಸ್ಟರ್ ಪೋರ್ಟಿಗೆ ಉಪ್ಪುನೀರು ಬಿಟ್ಟು ತೊಳೆದರು. ಸ್ವಲ್ಪ ಹೊತ್ತಿಗೆ ನನಗೆ ಚಳಿ ಹಿಡಿಯಿತು. ಹಲ್ಲು ಕಟಕಟ, ಕುರ್ಚಿಯ ಕೈ ಹಿಡಿದರೆ ಕುರ್ಚಿಯೇ ಅಲುಗುತ್ತಿತ್ತು. ಎರಡು ಕಂಬಳಿ ಹೊದಿಸಿದರು, ನಿಲ್ಲಲಿಲ್ಲ. ಪಕ್ಕದ ಕುರ್ಚಿಯಿಂದ ರತ್ನ ಕೈ ಚಾಚಿ ನನ್ನ ಕೈ ಹಿಡಿದಿದ್ದಳಂತೆ. ಅತ್ತೆ ಆಮೇಲೆ ಹೇಳಿದರು. ನನಗೆ ನೆನಪಿರುವುದು ಅವಳ ಡ್ರಿಪ್ಪಿನಲ್ಲಿ ಮದ್ದು ಹನಿಹನಿಯಾಗಿ ಸಲೀಸಾಗಿ ಇಳಿಯುತ್ತಿದ್ದುದು ಮಾತ್ರ.

ಗುಂಡಿಗೆ ಸೋಂಕು ತಗುಲಿ ರಕ್ತಕ್ಕೂ ಇಳಿದಿದೆ ಎಂದು ಅಡ್ಮಿಟ್ ಮಾಡಿದರು. ಆಂಟಿಬಯಾಟಿಕ್ ಕೊಟ್ಟು ನೋಡಿದರು, ಜ್ವರ ಇಳಿದು ಮತ್ತೆ ಏರಿತು. ಪೋರ್ಟು ತೆಗೆಯಲೇಬೇಕು ಎಂದರು ಡಾಕ್ಟರು. ಕೀಮೋ ಕಥೆ ಏನು ಎಂದು ಕೇಳಿದೆ. ಈ ಸೋಂಕು ವಾಸಿಯಾಗಲಿ, ನೋಡೋಣ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಮಾತು. ನೋಡೋಣ ಎಂದರೆ ನನ್ನ ಕಿವಿಗೆ ಮುಗಿಯಿತು ಎಂದೇ ಕೇಳಿಸಿತು. ಮದ್ದು ನಿಂತ ದಿನಗಳಲ್ಲಿ ಒಳಗೆ ಉಳಿದಿರುವುದು ಬೆಳೆಯುತ್ತಿದೆಯೇನೋ ಎಂದು ಮಲಗಿದಲ್ಲೇ ಕಿವಿಗೊಟ್ಟು ಕೇಳುತ್ತಿದ್ದೆ, ಅದಕ್ಕೇನೋ ಸದ್ದು ಇರುತ್ತದೆ ಎನ್ನುವ ಹಾಗೆ.

ಪೋರ್ಟು ತೆಗೆಯುವ ದಿನ ಯಜಮಾನರು ತೋಟ ಬಿಟ್ಟು ಬಂದರು. ಅಂಗಿಯ ತೋಳಿನಲ್ಲಿ ಗುಲಾಬಿಯ ಎಲೆ ಸಿಕ್ಕಿಕೊಂಡಿತ್ತು. ಸಿಸ್ಟರ್ ಕತ್ತರಿ ಹಿಡಿದು ದಾರದ ಹತ್ತಿರ ಬಂದಾಗ ಅತ್ತೆ ಅವರ ಕೈ ತಡೆದರು. ಈಗಲೂ ಜಗಳ ಮಾಡುತ್ತಾರೆಂದು ನಾನು ಕಣ್ಣು ಮುಚ್ಚಿದೆ. ಕೊರಳ ಹಿಂದೆ ಅವರ ಒರಟು ಬೆರಳುಗಳು ಆಡಿದವು. ಕತ್ತರಿಸಲು ಬಿಡದೆ ತಾವೇ ಗಂಟು ಬಿಚ್ಚುತ್ತಿದ್ದರು. ಹಲ್ಲಿಲ್ಲದ ಬಾಯಿ ನನ್ನ ಕಿವಿಯ ಹತ್ತಿರವೇ ಇತ್ತು.

"ನನ್ ಮಗ ಗಟ್ಟಿಯಾಗವ್ನೆ ಕಣೇ. ಮೊದ್ಲು ನೀನ್ ಉಳ್ಕೋ."

ದಾರವನ್ನು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮಗನ ಮುಖ ನೋಡದೆ ಹೊರಗೆ ಹೋಗಿ ಕೂತರು. ಮೂರು ಭಾಷೆ ಬಲ್ಲ ಹೆಂಗಸು ಆ ದಿನವೆಲ್ಲ ಒಂದರಲ್ಲೂ ಮಾತಾಡಲಿಲ್ಲ.

ಜ್ವರ ಬಿಟ್ಟಿತು. ಮತ್ತೆ ಕೀಮೋ ಶುರುಮಾಡಬಹುದು ಎಂದರು. ಇನ್ನೊಂದು ಪೋರ್ಟು ಬೇಡ, ಉಳಿದದ್ದನ್ನು ಕೈಯ ನರಕ್ಕೇ ಹಾಕೋಣ ಎಂದಾಯಿತು. ಎಡಗೈ ಆಪರೇಷನ್ ಕಡೆಯದು, ಮುಟ್ಟುವ ಹಾಗಿಲ್ಲ. ಬಲಗೈಯ ನರಗಳು ಸಿಕ್ಕಿದರೆ ಸಿಕ್ಕಿದವು. ಬಿಸಿನೀರಿನ ಚೀಲ ಇಡುವರು, ತಟ್ಟುವರು, ಚುಚ್ಚುವರು, ತಪ್ಪುವುದು, ಮತ್ತೆ ತಟ್ಟುವರು. ಮೊಣಕೈವರೆಗೂ ನೀಲಿ ಕಲೆಗಳು. ಪಕ್ಕದಲ್ಲಿ ರತ್ನಳಿಗೆ ಒಂದೇ ಚುಚ್ಚು.

ನಾನು ಹಿಂದೆ ಬಿದ್ದಿದ್ದೆ. ಒಂದೇ ವಾರ ಶುರು ಮಾಡಿದ್ದವರಲ್ಲಿ ಅವಳ ಕೊನೆಯ ಕೀಮೋ ಬಂತು, ನನ್ನದು ಇನ್ನೂ ಉಳಿದಿತ್ತು. ಅವಳು ಮೈಸೂರುಪಾಕಿನ ಡಬ್ಬಿ ತಂದು ಎಲ್ಲರಿಗೂ ಹಂಚಿದಳು. ನನ್ನ ಕುರ್ಚಿಯ ಹತ್ತಿರ ಬಂದಾಗ ನನಗೆ ಆಗಷ್ಟೇ ಮೂರನೆಯ ಸಲ ಚುಚ್ಚಿದ್ದರು. ಡಬ್ಬಿ ಮುಂದೆ ಚಾಚಿ, ತಗೋ ಅಕ್ಕ ಎಂದಳು. ಇಷ್ಟು ದಿನ ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದೆ, ಆವತ್ತು ಆಗಲಿಲ್ಲ.

"ನಿಂಗೇನಮ್ಮ. ಗುಂಡಿ ಒಂದ್ ದಿನ ಕೈ ಕೊಡ್ಲಿಲ್ಲ. ಬಾಗ್ಲಲ್ಲಿ ಗಂಡ ಕಾಯ್ತಾ ಕೂತಿರ್ತಾನೆ. ಪುಣ್ಯ ಮಾಡಿದ್ದೀಯ, ಸಿಹಿ ಹಂಚ್ತೀಯ."

ಅತ್ತೆ ನನ್ನ ತೋಳು ಚಿವುಟಿದರು. ರತ್ನ ಡಬ್ಬಿ ಮುಚ್ಚಿ, ಸ್ಟೂಲ್ ಎಳೆದುಕೊಂಡು ನನ್ನ ಹತ್ತಿರ ಕೂತಳು. ಸಿಟ್ಟು ಮಾಡಿಕೊಂಡಿರಲಿಲ್ಲ.

"ಯಾರ್ ಗಂಡ ಅಕ್ಕ? ಅವ್ನು ನನ್ ತಮ್ಮ."

ಆಮೇಲೆ ಹೇಳಿದಳು. ಅವಳ ಗಂಡ ಸೂಳಗಿರಿಯ ಹೈವೇಯಲ್ಲಿ ಕಂಪನಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಲಾರಿ ಬಡಿದು ತೀರಿಕೊಂಡಿದ್ದ. ಅವನ ಕೆಲಸವನ್ನೇ ಕಂಪನಿಯವರು ಇವಳಿಗೆ ಕೊಟ್ಟಿದ್ದರು. ಅದಾದ ಮೇಲೆ ಎದೆಯಲ್ಲಿ ಗಂಟು ಕಂಡಿದ್ದು. ಇದನ್ನೆಲ್ಲ ಬಸ್ಸಿನ ಹೊತ್ತು ಹೇಳುವಷ್ಟೇ ಸಾದಾ ಹೇಳಿದಳು. ನಾನು ತಲೆಯೆತ್ತದೆ ಅವಳ ಕಾಲಿನ ಸಾಕ್ಸು ನೋಡುತ್ತಿದ್ದೆ. ಒಳಗೆ ಕಾಲುಂಗುರ ಇದೆಯೋ ಇಲ್ಲವೋ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅವಳು ದುಪಟ್ಟಾ ಸ್ವಲ್ಪ ಸಡಿಲಿಸಿದಳು.

"ನಿನ್ ಗುಂಡಿ ಯಾಕ್ ಕೆಡ್ತು ಅಂತ ಸಿಸ್ಟರ್ ಹೇಳುದ್ರು. ದಾರ ಉಜ್ಜಿ ಉಜ್ಜಿ ಕೆಡ್ತಂತೆ. ನನ್ ಕತ್ತಲ್ಲಿ ಉಜ್ಜಕ್ಕೆ ಏನೈತೆ ಹೇಳು."

ನನ್ನ ಕೈಗೆ ಮದ್ದು ಹತ್ತುತ್ತಿತ್ತು, ಇನ್ನೊಂದು ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಅತ್ತೆ ಗೋಡೆಯ ಕಡೆ ತಿರುಗಿಕೊಂಡರು. ರತ್ನ ಮಾತು ಮುಗಿಸಿರಲಿಲ್ಲ.

"ಆ ಹಳದಿ ದಾರ ನಿನ್ ಜಾಕೀಟಿಂದ ಈಚೆ ಬಂದಾಗೆಲ್ಲ ನಾನ್ ಅದನ್ನೇ ನೋಡ್ತಿದ್ದೆ. ಹೊಟ್ಟೆ ಉರಿಯೋದು ಅಕ್ಕ. ಯಾರ್ಗೂ ಹೇಳ್ಬೇಡ."

ಹೇಳಿ, ಮೈಸೂರುಪಾಕಿನ ಒಂದು ತುಂಡು ಮುರಿದು ನನ್ನ ಬಾಯಿಗೆ ಹಾಕಿದಳು. ನನಗೆ ಕೀಮೋದಲ್ಲಿ ಎಲ್ಲ ತಿಂಡಿಯೂ ತುಕ್ಕು ಕಬ್ಬಿಣದ ರುಚಿ ಹತ್ತುತ್ತಿತ್ತು. ಅದೂ ಹಾಗೇ ಇತ್ತು. ಪೂರ್ತಿ ತಿಂದೆ. ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಹೇಳುತ್ತಾರೆ. ಅವಳು ದೂರದಲ್ಲಿರಲಿಲ್ಲ, ಕೈ ಚಾಚಿದರೆ ಸಿಗುವ ಕುರ್ಚಿಯಲ್ಲಿದ್ದಳು. ನಾನು ಚಾಚಿರಲಿಲ್ಲ, ಅಷ್ಟೇ. ಅವಳು ಚಾಚಿದ್ದಳು, ನನಗೆ ಚಳಿ ಹಿಡಿದ ದಿನ.

ಉಳಿದ ಕೀಮೋವನ್ನು ಹೇಗೋ ಮುಗಿಸಿದೆ, ನೀಲಿ ಕೈಯಲ್ಲೇ. ಗಾಯ ಒಣಗಲು ತಿಂಗಳುಗಳೇ ಹಿಡಿದವು. ಕೊರಳ ಮೂಳೆಯ ಕೆಳಗೆ ಈಗ ಒಂದು ಕಂದು ಗೀರು, ಚಳಿಗಾಲದಲ್ಲಿ ತುರಿಸುತ್ತದೆ. ಅದು ಪೂರ್ತಿ ಮಾಯುವ ತನಕ ಅತ್ತೆ ಕೊರಳಿನ ಮಾತೇ ಎತ್ತಲಿಲ್ಲ. ಆಮೇಲೆ ಒಂದು ಶುಕ್ರವಾರ ಪೆಟ್ಟಿಗೆಯಿಂದ ಚಿನ್ನದ ತಾಳಿ ತೆಗೆದು ಯಜಮಾನರ ಕೈಗೆ ಕೊಟ್ಟರು. ಅವರು ಹಾಕುವಾಗ ಗೀರಿಗೆ ತಾಗದ ಹಾಗೆ ಸರವನ್ನು ಎಡಕ್ಕೆ ಸರಿಸಿದರು. ಚಪ್ಪಲಿ ಇಟ್ಟುಕೊಡುವ ಗಂಡನಲ್ಲ, ಆದರೆ ನನ್ನ ಗೀರು ಎಲ್ಲಿದೆಯೆಂದು ಅವರಿಗೆ ನೋಡದೆಯೇ ಗೊತ್ತಿತ್ತು.

ರತ್ನಳ ಪೋರ್ಟು ಇನ್ನೂ ಒಳಗೇ ಇದೆ. ಸ್ವಲ್ಪ ಕಾಲ ಇರಲಿ, ಮತ್ತೆ ಬೇಕಾದರೂ ಬೇಕಾಗಬಹುದು ಎಂದಿದ್ದಾರೆ ಡಾಕ್ಟರು. ಆ ಮಾತಿನ ಅರ್ಥ ನಮ್ಮಿಬ್ಬರಿಗೂ ಗೊತ್ತು, ನಾವು ಅದನ್ನು ಬಿಡಿಸಿ ಮಾತಾಡುವುದಿಲ್ಲ. ಮುಚ್ಚಿಹೋಗದ ಹಾಗೆ ಆಗಾಗ ತೊಳೆಸಲು ಹೋಗಬೇಕು. ಆ ದಿನ ಫೋನ್ ಮಾಡಿ, ಅಕ್ಕ ಬತ್ತೀಯ ಅನ್ನುತ್ತಾಳೆ. ನಾನು ಬಸ್ಸು ಹತ್ತುತ್ತೇನೆ. ಅವಳ ತಮ್ಮ ಈಗ ನನಗೂ ಎಳನೀರು ತರುತ್ತಾನೆ.

ಮೊನ್ನೆ ಹೋದಾಗ ಬಾಗಿಲ ಹೊರಗೆ ನಿಂತು ತಾಳಿಯನ್ನು ಜಾಕೀಟಿನೊಳಕ್ಕೆ ಸೇರಿಸಿ, ಸೆರಗು ಮೇಲಕ್ಕೆಳೆದುಕೊಂಡು ಒಳಗೆ ಹೋದೆ. ಹಾಗೆ ಮಾಡುವುದು ರೂಢಿಯಾಗಿತ್ತು. ಅವಳು ಅದೇ ಕುರ್ಚಿಯಲ್ಲಿದ್ದಳು. ನನ್ನ ಕೊರಳನ್ನೇ ಸ್ವಲ್ಪ ಹೊತ್ತು ನೋಡಿದಳು.

"ಒಳಗ್ ಯಾಕ್ ಸೇರ್ಸಿದ್ದೀಯ ಅಕ್ಕ? ಈಚೆಗ್ ತೆಗಿ. ಗಾಯದ್ ಮೇಲೆ ಉಜ್ಜತ್ತೆ."

ನಾನು ತಾಳಿಯನ್ನು ಹೊರಗೆಳೆದು ಸೀರೆಯ ಮೇಲೆ ಬಿಟ್ಟೆ. ಅವಳು ಅದನ್ನು ಒಂದು ಸಲ ನೋಡಿ, ಸಿಸ್ಟರ್ ಕಡೆಗೆ ತಿರುಗಿ ದುಪಟ್ಟಾ ಸರಿಸಿದಳು.